ಸ್ಕೂಟರಿನ ಪಕ್ಕದ ಪ್ಯಾನೆಲ್ ಬಿಚ್ಚುವ ಕ್ರಮ ಮತ್ತು ಹಿಂಬದಿಗೆ ಕ್ಯಾರಿಯರ್ ಹಾಕುವ ಬಗ್ಗೆ

ಮಲೆನಾಡ ಸವಾರ:
ನನ್ನದು ಗೇರಿಲ್ಲದ 110 ಸಿಸಿ ಸ್ಕೂಟರು. ಕಳೆದ ಸರ್ವಿಸ್ ಆದಾಗಿನಿಂದ ಬಲಬದಿಯ ಪ್ಯಾನೆಲ್ ಹಾಳು ರಸ್ತೆಯಲ್ಲಿ ಗಡಗಡ ಸದ್ದು ಮಾಡುತ್ತಿದೆ. ಹಿಂದಿನ ದೀಪದ ಬಳಿ ಉಗುರು ತೂರುವಷ್ಟು ಸಂದು ಕಾಣುತ್ತಿದೆ. ಡೈರಿಗೆ ಹಾಲಿನ ಕ್ಯಾನ್ ಒಯ್ಯಲು ಕಬ್ಬಿಣದ ಕ್ಯಾರಿಯರ್ ಕೂಡ ಹಾಕಬೇಕಾಗಿರುವುದರಿಂದ ಎರಡೂ ಕೆಲಸವನ್ನು ಒಟ್ಟಿಗೆ ಮುಗಿಸುವ ಆಲೋಚನೆಯಿದೆ. ಯಾವ ಕ್ರಮದಲ್ಲಿ ಬಿಚ್ಚಬೇಕು, ಒಳಗಿನ ಲಾಕ್‌ಗಳು (ಪ್ಯಾನೆಲನ್ನು ಹಿಡಿದಿಡುವ ಪ್ಲಾಸ್ಟಿಕ್ ಕೊಂಡಿಗಳು) ಮುರಿಯದಂತೆ ಹೇಗೆ ತೆಗೆಯಬೇಕು, ಕ್ಯಾರಿಯರ್‌ಗೆ ಹಳೆಯ ಬೋಲ್ಟುಗಳೇ ಸಾಕೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಹತ್ತರ ಪಾನಾ:
ಬಿಚ್ಚುವ ಮೊದಲು ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಮಾಡೆಲ್‌ನಿಂದ ಮಾಡೆಲ್‌ಗೆ ಸ್ವಲ್ಪ ವ್ಯತ್ಯಾಸವಿದ್ದರೂ, ಸಾಮಾನ್ಯವಾಗಿ ಸೀಟನ್ನು ಎತ್ತಿ, ಹಿಂಬದಿ ಸವಾರರ ಹಿಡಿಕೆಯನ್ನು ಮೊದಲು ತೆಗೆಯಬೇಕು. ಅದು ಪ್ಯಾನೆಲ್‌ಗಳ ಮೇಲೆ ಕುಳಿತಿರುವುದರಿಂದ ಅದಿರುವಾಗ ಪ್ಯಾನೆಲ್ ಹೊರಬರುವುದಿಲ್ಲ. ಹಿಡಿಕೆಯ 8 ಮಿ.ಮೀ. ಬೋಲ್ಟುಗಳಿಗೆ ಹೆಚ್ಚಾಗಿ 12ರ ಪಾನಾ, ಡಿಕ್ಕಿಯ 6 ಮಿ.ಮೀ. ಬೋಲ್ಟುಗಳಿಗೆ 10ರ ಪಾನಾ ಬೇಕಾಗುತ್ತದೆ. ದೀಪದ ಕನೆಕ್ಟರನ್ನು ಅದರ ಲಾಕ್ ಒತ್ತಿಯೇ ಬಿಡಿಸಿ, ವೈರು ಹಿಡಿದು ಎಳೆಯಬೇಡಿ.

ತಿರುಪುಗಳೆಲ್ಲ ಬಂದ ಮೇಲೆ ಬಹುತೇಕರು ಪ್ಯಾನೆಲನ್ನು ನೇರವಾಗಿ ಹೊರಕ್ಕೆ ಎಳೆಯುತ್ತಾರೆ, ಲಾಕ್ ಮುರಿಯುವುದು ಅಲ್ಲಿಯೇ. ಕೆಲವು ಲಾಕ್‌ಗಳು ಕೊಕ್ಕೆಯಂತೆ ಸಿಕ್ಕಿಕೊಂಡಿರುವುದರಿಂದ ಮೊದಲು ಹಿಂದಕ್ಕೋ ಮುಂದಕ್ಕೋ ಸರಿಸಿ ಬಿಡಿಸಬೇಕು. ಸರಿಯದಿದ್ದರೆ ಎಲ್ಲೋ ಒಂದು ತಿರುಪು ಉಳಿದಿದೆ ಎಂದೇ ತಿಳಿಯಿರಿ. ಕಾಲಿಡುವ ಜಾಗದ ಮ್ಯಾಟಿನ ಕೆಳಗೂ ಹುಡುಕಿ. ಚಳಿಯಲ್ಲಿ ಪ್ಲಾಸ್ಟಿಕ್ ಬಿರುಸಾಗಿರುತ್ತದೆ, ಆದ್ದರಿಂದ ಬಿಸಿಲೇರಿದ ಮೇಲೆ ಕೆಲಸಕ್ಕೆ ಇಳಿಯುವುದು ಮೇಲು.

ನಿಮ್ಮ ಸದ್ದಿಗೆ ಕಾರಣ ಬಹುಶಃ ಬುಷ್. ಬೋಲ್ಟ್ ಹಾಯುವ ತೂತಿನಲ್ಲಿ ರಬ್ಬರಿನ ಬಳೆ, ಅದರೊಳಗೆ ಲೋಹದ ಚಿಕ್ಕ ಕೊಳವೆ (ಇದೇ ಬುಷ್) ಇರುವ ಕಡೆಗಳಲ್ಲಿ ಬೋಲ್ಟಿನ ಬಿಗಿಯನ್ನು ಆ ಕೊಳವೆ ಹೊರುತ್ತದೆ, ಪ್ಲಾಸ್ಟಿಕ್ ಅಲ್ಲ. ಸರ್ವಿಸ್ ಮಾಡುವವರ ಕೈಯಿಂದ ಅದು ಉರುಳಿಹೋದರೆ ಬಿಗಿ ಮಾಡಿದಾಗ ಪ್ಯಾನೆಲ್ ಬಿರಿಯುತ್ತದೆ, ಸಡಿಲ ಬಿಟ್ಟರೆ ಗಡಗಡ ಎನ್ನುತ್ತದೆ. ಹೊಸದು ಬಿಡಿಭಾಗಗಳ ಅಂಗಡಿಯಲ್ಲಿ ಸಿಗುತ್ತದೆ.

ಮರಳಿ ಕೂರಿಸುವಾಗ ಎಲ್ಲ ಬೋಲ್ಟುಗಳನ್ನೂ ಕೈಯಲ್ಲೇ ಅರ್ಧ ತಿರುಗಿಸಿಟ್ಟು, ಸಂದು ಸಮವಾದ ಮೇಲೆ ಬಿಗಿ ಮಾಡಿ. ಪ್ಲಾಸ್ಟಿಕ್ಕಿಗೇ ಕಚ್ಚುವ ತಿರುಪನ್ನು ಮೊದಲು ಉಲ್ಟಾ ತಿರುಗಿಸಿ. ಹಳೆಯ ಮರೆಗೆ (ತಿರುಪಿನ ಸುರುಳಿ ಗೀರಿಗೆ) ಇಳಿದಾಗ ಟಕ್ಕೆಂದು ಗೊತ್ತಾಗುತ್ತದೆ, ಆಮೇಲೆ ಬಿಗಿಯಬಹುದು.

ಗ್ಯಾರೇಜ್ ಗೆಳೆಯ:
ಕ್ಯಾರಿಯರಿನ ಪಟ್ಟಿಯ ದಪ್ಪ ಸೇರುವುದರಿಂದ ಹಿಡಿಕೆಯ ಹಳೆಯ ಬೋಲ್ಟುಗಳು ಸಾಲದೇ ಹೋಗಬಹುದು. 8 ಮಿ.ಮೀ. ಬೋಲ್ಟಿನ ಮರೆ ಕನಿಷ್ಠ 8 ಮಿ.ಮೀ.ನಷ್ಟಾದರೂ ಒಳಗೆ ಕಚ್ಚಿರಬೇಕು. ಹಾಗೆಂದು ಉದ್ದದ್ದನ್ನು ಹಾಕಿದರೆ ತುದಿ ಟ್ಯಾಂಕಿಗೋ ವೈರಿಗೋ ತಾಗೀತು, ನೋಡಿಕೊಳ್ಳಿ. ತಲೆಯ ಮೇಲೆ 8.8 ಎಂಬ ಗಟ್ಟಿತನದ ಗುರುತಿರುವ ಬೋಲ್ಟ್ ಕೊಂಡು, ಮಳೆಯ ಊರಾದ್ದರಿಂದ ಮರೆಗೆ ತುಸು ಗ್ರೀಸ್ ಸವರಿ. ಭಾರ ಚಾಸಿಯ (ಗಾಡಿಯ ಲೋಹದ ಚೌಕಟ್ಟಿನ) ಮೇಲೆ ಕೂರಬೇಕೇ ಹೊರತು ಪ್ಯಾನೆಲ್ ಮೇಲಲ್ಲ.

ಇನ್ನೊಂದು ಮಾತು: ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ ಹಿಂಬದಿ ಸವಾರರಿಗೆ ಹಿಡಿಕೆ ಇರಲೇಬೇಕು. ಹಿಡಿಕೆ ತೆಗೆದು ಬರೀ ಕ್ಯಾರಿಯರ್ ಹಾಕಿಕೊಡುವವರಿದ್ದಾರೆ, ಅದಕ್ಕೆ ಒಪ್ಪಬೇಡಿ. ಹಿಂದಿನ ಚಕ್ರದಿಂದಾಚೆ ತುಂಬಿದ ಕ್ಯಾನ್ ಕಟ್ಟಿದರೆ ಮುಂದಿನ ಚಕ್ರ ಹಗುರಾಗಿ ಏರಿನಲ್ಲಿ ಹ್ಯಾಂಡಲ್ ಅಲುಗುತ್ತದೆ. ಕ್ಯಾರಿಯರ್ ಸೀಟಿಗೆ ಹತ್ತಿರವಿದ್ದಷ್ಟೂ ಒಳ್ಳೆಯದು.

ಮಲೆನಾಡ ಸವಾರ:
ಇಬ್ಬರಿಗೂ ಧನ್ಯವಾದಗಳು. ಬಿಚ್ಚಿ ನೋಡಿದೆ: ಒಂದು ಬುಷ್ ಇಲ್ಲ, ಜೊತೆಗೆ ಒಂದು ಲಾಕ್ ಮೊದಲೇ ಮುರಿದಿದೆ, ತುಂಡು ಒಳಗೇ ಸಿಕ್ಕಿತು. ಸಾದಾ ಅಂಟಿನಿಂದ ಹಚ್ಚಬಹುದೇ?

ಹತ್ತರ ಪಾನಾ:
ಪ್ಯಾನೆಲಿನ ಒಳಮೈಯಲ್ಲಿ ಅಚ್ಚೊತ್ತಿದ ಅಕ್ಷರಗಳನ್ನು ನೋಡಿ. ಎಬಿಎಸ್ (ABS, ಒಂದು ಬಗೆಯ ಪ್ಲಾಸ್ಟಿಕ್) ಎಂದಿದ್ದರೆ ಅದೇ ಜಾತಿಯ ಪ್ಲಾಸ್ಟಿಕ್ ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿದ ಲೇಪ ಗಟ್ಟಿಯಾಗಿ ಹಿಡಿಯುತ್ತದೆ. ಹೊರಗಿನ ಬಣ್ಣಕ್ಕೆ ತಾಗಿದರೆ ಬಣ್ಣವೂ ಕರಗುತ್ತದೆ, ಅಸಿಟೋನ್ ಬೇಗ ಹೊತ್ತಿಕೊಳ್ಳುವುದರಿಂದ ಬೆಂಕಿಯಿಂದ ದೂರವಿಡಿ. ಪಿಪಿ (PP, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್) ಎಂದಿದ್ದರೆ ಸಾದಾ ಅಂಟು ನಿಲ್ಲುವುದಿಲ್ಲ, ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಿಸಬೇಕು. ಲೇಪ ಹಚ್ಚಿದ ಮೇಲೆ ಒಂದು ದಿನವಿಡೀ ಒಣಗಲು ಬಿಟ್ಟು ಆಮೇಲೆ ಪ್ಯಾನೆಲ್ ಕೂರಿಸಿ.