ಅಪ್‌ಡೇಟ್: ಮಳೆಗಾಲದ ರಾಣಿಪುರಂ, ಇಂಬಳ ಮತ್ತು ತಲಕಾವೇರಿ ದಾರಿ

ಮಳೆಗಾಲದಲ್ಲಿ ಕಾಸರಗೋಡು ಜಿಲ್ಲೆಯ ರಾಣಿಪುರಂ ಬೆಟ್ಟ ಹತ್ತುವಾಗ ಇಂಬಳಕ್ಕೆ (ರಕ್ತ ಹೀರುವ ಜಿಗಣೆ) ಏನು ಮಾಡಬೇಕು, ಅಲ್ಲಿಂದ ಕಾಡಿನೊಳಗೇ ತಲಕಾವೇರಿ ಕಡೆಗೆ ನಡೆಯಬಹುದೇ ಎಂದು ಕೇಳಿದ್ದೆ. ಹೋಗಿಬಂದಾಯಿತು, ಉತ್ತರ ಕೊಟ್ಟವರಿಗೆಲ್ಲ ಧನ್ಯವಾದ.

ಬರೀ ಉಪ್ಪು ಸಾಲದು, ಮಳೆಗೆ ತೊಳೆದುಹೋಗುತ್ತದೆ. ಹೊಗೆಸೊಪ್ಪಿನ ಪುಡಿಯನ್ನು ತೆಂಗಿನೆಣ್ಣೆಯಲ್ಲಿ ಕಲಸಿ ಶೂ ಮತ್ತು ಕಾಲುಚೀಲದ ಹೊರಗೆ ಹಚ್ಚುವುದು ವಾಸಿ. ಅದಕ್ಕಿಂತ ಒಳ್ಳೆಯದು, ಒತ್ತಾಗಿ ನೇಯ್ದ ಬಟ್ಟೆಯ ಉದ್ದ ಕಾಲುಚೀಲ: ಪ್ಯಾಂಟಿನ ಮೇಲೆ ಎಳೆದು ಮೊಣಕಾಲ ಕೆಳಗೆ ಕಟ್ಟಬೇಕು. ಹೆಣೆದ ಸಾಮಾನ್ಯ ಸಾಕ್ಸ್‌ನ ಕಣ್ಣುಗಳಲ್ಲಿ ಇಂಬಳ ನುಸುಳುತ್ತದೆ. ಕಚ್ಚಿದರೆ ಬೆಂಕಿ ತಾಗಿಸಬೇಡಿ, ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಾರಬಹುದು. ಸಪೂರ ತುದಿಯ ಬುಡಕ್ಕೆ ಉಗುರು ತೂರಿಸಿ ಜಾರಿಸಿದರೆ ಬಿಡುತ್ತದೆ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡದ್ದರಿಂದ ಗಂಟೆಗಟ್ಟಲೆ ಒಸರಬಹುದು. ಸೋಪಿನಲ್ಲಿ ತೊಳೆದು ಬಟ್ಟೆ ಒತ್ತಿ ಕಟ್ಟಿ, ಗಾಬರಿ ಬೇಡ.

ಶೋಲಾ ಕಾಡು (ಬೆಟ್ಟದ ಮಡಿಲಿನ ದಟ್ಟ ಹಸಿರು ಕಾಡು) ದಾಟಿ ಹುಲ್ಲುಗಾವಲು ಬಂದಮೇಲೆ ಇಂಬಳ ಕಡಿಮೆ, ಜಾರು ಜಾಸ್ತಿ. ಇಳಿಯುವಾಗ ಪಾದ ಅಡ್ಡ ಇಟ್ಟು ಸಣ್ಣ ಹೆಜ್ಜೆ ಹಾಕಬೇಕು. ತಳ ಸವೆದ ಶೂ, ರಬ್ಬರ್ ಚಪ್ಪಲಿ ಎರಡೂ ಬೇಡ. ತುದಿ ಸುಮಾರು 1,000 ಮೀಟರ್ ಎತ್ತರ. ಮಂಜು ಕವಿದರೆ ದಾರಿಯೇ ಕಾಣದು, ಬೆಳಿಗ್ಗೆಯೇ ಹತ್ತಿ. ಅರಣ್ಯ ಇಲಾಖೆಯ ಟಿಕೆಟ್ ಬೇಕು. ತಲೆಗೊಂದು ಲೀಟರ್ ನೀರು ಒಯ್ಯಿರಿ.

ತಲಕಾವೇರಿಗೆ ಕಾಡಿನೊಳಗಿಂದ ಹೋಗುವ ಯೋಚನೆ ಬಿಟ್ಟೆ. ಆನೆ ಓಡಾಡುವ ಕಾಡು, ಆಚೆಗೆ ವನ್ಯಜೀವಿ ಧಾಮ. ಪಾಣತ್ತೂರು–ಕರಿಕೆ–ಭಾಗಮಂಡಲ ರಸ್ತೆ ಇದೆಯಲ್ಲ, ವಾಹನದಲ್ಲೇ ಹೋಗಿ.