ಸಿದ್ಧೇಶ್ವರ ಜಾತ್ರೆಯ ಮದ್ದು: ಚಿತ್ರ ಬೆಳ್ಳಗಾಗದಂತೆ ತೆಗೆಯುವುದು ಹೇಗೆ?

ಪ್ರಶ್ನೆ (ಜಲನಗರ, ವಿಜಯಪುರ)

ಎಲ್ಲರಿಗೂ ನಮಸ್ಕಾರ. ಸಂಕ್ರಮಣಕ್ಕೆ ನಮ್ಮೂರಿನ ಸಿದ್ಧೇಶ್ವರ ಜಾತ್ರೆ. ಮದ್ದು ಸುಡುವ, ಅಂದರೆ ಬಾಣಬಿರುಸು ಹಾರಿಸುವ, ರಾತ್ರಿ ನಮ್ಮ ಓಣಿಗೆ ಓಣಿಯೇ ಮಾಳಿಗೆ ಹತ್ತುತ್ತದೆ. ನಮ್ಮ ತಾಯಿಗೆ ಮಾತ್ರ ಮೊಣಕಾಲು ನೋವು. ಮೂರು ವರ್ಷದಿಂದ ಪಡಸಾಲೆಯಲ್ಲಿ ಕುಳಿತು, ಸದ್ದಿನಿಂದಲೇ "ಇದು ದೊಡ್ಡದು, ಇದು ಚಟಪಟ ಉದುರುವಂಥದ್ದು" ಎಂದು ಗುರುತು ಹಿಡಿಯುತ್ತಾರೆ. ಅವರಿಗೆ ತೋರಿಸಲೆಂದೇ ಹೋದ ವರ್ಷ ಕ್ಯಾನನ್ 1500ಡಿ ಕ್ಯಾಮೆರಾ ಹಿಡಿದು ಮೇಲೆ ನಿಂತಿದ್ದೆ. ಬಂದದ್ದು ಹಿಂಜಿದ ಹತ್ತಿಯಂಥ ಬಿಳಿ ಮುದ್ದೆಗಳು. ಕೆಂಪಿಲ್ಲ, ಹಸಿರಿಲ್ಲ.

ಲೆನ್ಸ್, ಕ್ಯಾಮೆರಾ ಜೊತೆಗೆ ಬಂದ 18-55 ಎಂಎಂನದು. ಐಎಸ್ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 1600, ಲೆನ್ಸಿನ ಕಿಂಡಿ ಎಫ್/3.5, ಹದಿನೈದು ಸೆಕೆಂಡ್ ಇಟ್ಟಿದ್ದೆ. ಟ್ರೈಪಾಡ್ ಇತ್ತು. ಎಷ್ಟೋ ಸಲ ಗುಂಡಿ ಒತ್ತಿದರೂ ಲೆನ್ಸ್ ಗರಗರ ತಿರುಗಿತೇ ಹೊರತು ಚಿತ್ರ ತೆಗೆಯಲಿಲ್ಲ. ತೆಗೆದ ಮೇಲೆ ಮತ್ತೆ ಹದಿನೈದು ಸೆಕೆಂಡ್ "ಬ್ಯುಸಿ" ಎಂದು ತೋರಿಸುತ್ತಿತ್ತು. ಕ್ಯಾಮೆರಾ ಕೆಟ್ಟಿದೆಯೇ? ಈ ಸಲ ಒಂದಾದರೂ ಒಳ್ಳೆಯ ಚಿತ್ರ ಬೇಕೇ ಬೇಕು.

ಉತ್ತರ (ನವನಗರ, ಬಾಗಲಕೋಟೆ)

ಅಕ್ಕನವರೇ, ನನ್ನದು ಸ್ಟುಡಿಯೊ. ರೀಲಿನ ಕಾಲದಿಂದಲೂ ಜಾತ್ರೆಗಳಲ್ಲಿ ಮದ್ದಿನ ಚಿತ್ರ ತೆಗೆಯುತ್ತಿದ್ದೇನೆ. ನಿಮ್ಮ ಕ್ಯಾಮೆರಾ ಕೆಟ್ಟಿಲ್ಲ.

"ಬ್ಯುಸಿ" ಬಂದದ್ದು ಮೆನುವಿನಲ್ಲಿ ದೀರ್ಘ ಎಕ್ಸ್‌ಪೋಶರಿನ ನಾಯ್ಸ್ ರಿಡಕ್ಷನ್ (ಹೆಚ್ಚು ಹೊತ್ತು ತೆಗೆದ ಚಿತ್ರದಲ್ಲಿ ಬರುವ ಚುಕ್ಕೆ ಕಳೆಯುವ ಸೌಲಭ್ಯ) ಆನ್ ಇದ್ದುದರಿಂದ. ಹದಿನೈದು ಸೆಕೆಂಡಿನ ಚಿತ್ರ ತೆಗೆದ ಮೇಲೆ ಅಷ್ಟೇ ಹೊತ್ತು ಶಟರ್ ಮುಚ್ಚಿ ಇನ್ನೊಂದು ಕತ್ತಲ ಚಿತ್ರ ತೆಗೆದು, ಮೊದಲನೆಯದರಿಂದ ಕಳೆಯುತ್ತದೆ. ಅಷ್ಟರಲ್ಲಿ ಅರ್ಧ ಮದ್ದು ಸುಟ್ಟು ಮುಗಿದಿರುತ್ತದೆ. ಅದನ್ನು ಆಫ್ ಮಾಡಿ.

ಲೆನ್ಸ್ ಗರಗರ ತಿರುಗಿದ್ದು ಕತ್ತಲಲ್ಲಿ ಫೋಕಸ್ ಸಿಗದೆ. ದೂರದ ಬೀದಿದೀಪವೊಂದನ್ನು ಪರದೆಯ ಮೇಲೆ ಹತ್ತು ಪಟ್ಟು ಹಿಗ್ಗಿಸಿ, ಅದು ಸೂಜಿಮೊನೆಯಷ್ಟು ಸಣ್ಣದಾಗುವವರೆಗೆ ಕೈಯಿಂದ ಫೋಕಸ್ ಮಾಡಿ, ಲೆನ್ಸ್ ಪಕ್ಕದ ಗುಂಡಿಯನ್ನು ಕೈಫೋಕಸಿನ ಎಂಎಫ್‌ನಲ್ಲಿಯೇ ಬಿಡಿ. ಕೊನೆಯವರೆಗೆ ತಿರುಗಿಸಿದರೆ ಸಾಕೆಂದುಕೊಳ್ಳಬೇಡಿ, ಈ ಲೆನ್ಸ್ ಅನಂತವನ್ನೂ (ಬಹುದೂರದ ವಸ್ತು ಸ್ಪಷ್ಟವಾಗುವ ಬಿಂದುವನ್ನೂ) ದಾಟಿ ಹೋಗುತ್ತದೆ.

ಇನ್ನು ಬಿಳಿ ಮುದ್ದೆ. ಕಿಡಿ ಓಡುತ್ತಲೇ ಇರುತ್ತದೆ, ಸೆನ್ಸರಿನ (ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಫಲಕದ) ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಶಟರ್ ಹೆಚ್ಚು ಹೊತ್ತು ತೆರೆದಿಟ್ಟರೆ ಗೆರೆಗಳು ಹೆಚ್ಚುತ್ತವೆ, ಹೊಗೆಯೂ ಬೀದಿದೀಪವೂ ಬೆಳಗುತ್ತವೆ. ಒಂದೊಂದು ಗೆರೆಯ ಹೊಳಪು ಹೆಚ್ಚುವುದಿಲ್ಲ. ಆ ಹೊಳಪು ಅಪರ್ಚರ್ (ಲೆನ್ಸಿನ ಕಿಂಡಿ, ಎಫ್ ಸಂಖ್ಯೆ ಹೆಚ್ಚಿದಷ್ಟೂ ಸಣ್ಣದು) ಮತ್ತು ಐಎಸ್ಒ ಕೈಯಲ್ಲಿದೆ. ಐಎಸ್ಒ 100, ಎಫ್/11 ಇಡಿ. ನೀವು ಇಟ್ಟಿದ್ದಕ್ಕಿಂತ ಸುಮಾರು ನೂರೈವತ್ತು ಪಟ್ಟು ಕಡಿಮೆ ಬೆಳಕು. ಅಂದರೆ ನಿಮ್ಮ ಹಳೆಯ ಚಿತ್ರಗಳಲ್ಲಿ ಸ್ಟ್ರಾನ್ಷಿಯಮ್ಮಿನ ಕೆಂಪು, ಬೇರಿಯಮ್ಮಿನ ಹಸಿರು ಇದ್ದವು, ಬೆಳಕಿನ ಹೊಳೆಯಲ್ಲಿ ಕೊಚ್ಚಿಹೋದವು. ತಾಮ್ರದಿಂದ ಬರುವ ನೀಲಿ ಎಲ್ಲಕ್ಕಿಂತ ಮಂದ. ಅದು ಕಂಡರೆ ಎಫ್/8ಕ್ಕೆ ಇಳಿಯಿರಿ.

ಎಂ (ಮ್ಯಾನುಯಲ್) ಮೋಡಿನಲ್ಲಿ 30 ಸೆಕೆಂಡಿನಾಚೆ ತಿರುಗಿಸಿದರೆ ಬಲ್ಬ್, ಅಂದರೆ ಗುಂಡಿ ಒತ್ತಿರುವಷ್ಟು ಹೊತ್ತೂ ಶಟರ್ ತೆರೆದಿರುವ ವ್ಯವಸ್ಥೆ, ಬರುತ್ತದೆ. ವೈರ್ ರಿಮೋಟ್ ಒಂದು ಕೊಳ್ಳಿ. ಮದ್ದು ಮೇಲೇರುವುದು ಕಂಡೊಡನೆ ಒತ್ತಿ, ಕಿಡಿ ಆರಿದೊಡನೆ ಬಿಡಿ. ಮೂರರಿಂದ ಐದು ಸೆಕೆಂಡ್ ಆದೀತು. ಸದ್ದನ್ನು ಮಾತ್ರ ನಂಬಬೇಡಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಮೈದಾನ ಒಂದು ಕಿಲೋಮೀಟರ್ ದೂರವಿದ್ದರೆ ಢಮ್ ಎನ್ನುವ ಹೊತ್ತಿಗೆ ಹೂವು ಅರಳಿ ಮೂರು ಸೆಕೆಂಡ್ ಕಳೆದಿರುತ್ತದೆ.

ಉತ್ತರ (ಟಿಳಕವಾಡಿ, ಬೆಳಗಾವಿ)

ಅಣ್ಣನವರು ಹೇಳಿದ್ದೆಲ್ಲ ಸರಿ. ಎರಡು ಮಾತು ಸೇರಿಸುತ್ತೇನೆ. ಮಾಳಿಗೆಯ ಮೇಲೆ ಮಕ್ಕಳು ಕುಣಿದರೆ ಟ್ರೈಪಾಡ್ ನಡುಗಿ ಗೆರೆಗಳು ಗರಗಸದ ಹಲ್ಲಿನಂತಾಗುತ್ತವೆ. ಕೆಳಗೆ ಗೋಡೆಯಿರುವ ಮೂಲೆ ಹಿಡಿಯಿರಿ, ಲೆನ್ಸಿನ ಸ್ಟೆಬಿಲೈಸರ್ (ಕೈನಡುಕ ಸರಿಪಡಿಸುವ ಸೌಲಭ್ಯ) ಆಫ್ ಮಾಡಿ. ಇನ್ನು ಹೊಗೆ. ಸಂಜೆಯೇ ಕರವಸ್ತ್ರ ಹಿಡಿದು ಗಾಳಿ ಎತ್ತಣದೆಂದು ನೋಡಿ. ನಿಮ್ಮ ಮನೆಯ ಕಡೆಗೇ ಬೀಸುತ್ತಿದ್ದರೆ ಬೇರೆ ದಿಕ್ಕಿನ ಗೆಳತಿಯ ಮನೆಗೆ ಹೋಗಿ. ಹೇಗಿದ್ದರೂ ಮೊದಲ ಹತ್ತು ನಿಮಿಷದ ಆಕಾಶವೇ ಶುಭ್ರ, ಆಗ ಮೈಮರೆತು ನೋಡುತ್ತ ನಿಲ್ಲಬೇಡಿ.

ಮರುಮಾತು (ಜಲನಗರ, ವಿಜಯಪುರ)

ಇಬ್ಬರಿಗೂ ಕೈಮುಗಿದೆ. ಧನುರ್ಮಾಸ ಹಿಡಿಯುವ ಮುನ್ನ ಮದುವೆ ಮುಗಿಸುವ ಗಡಿಬಿಡಿ ನಮ್ಮ ಓಣಿಯಲ್ಲಿಯೂ ಇತ್ತು. ನಿನ್ನೆ ರಾತ್ರಿ ಮೆರವಣಿಗೆಯಲ್ಲಿ ಮದ್ದು ಹಾರಿಸಿದರು, ನಾನು ಮಾಳಿಗೆಯ ಮೂಲೆಯಲ್ಲಿ ಸಿದ್ಧಳಾಗಿ ನಿಂತಿದ್ದೆ. ಐಎಸ್ಒ 100, ಎಫ್/11, ನಾಲ್ಕು ಸೆಕೆಂಡ್. ಹಸಿರು ಹಸಿರಾಗಿಯೇ ಬಂದಿದೆ! ಹಿಗ್ಗಿಸಿ ನೋಡಿದರೆ ಒಂದೊಂದು ಕಿಡಿಯೂ ತುದಿಯಲ್ಲಿ ಮಾಗಿದ ಜೋಳದ ತೆನೆಯಂತೆ ಬಾಗಿದೆ, ಬಾಗಿದಲ್ಲಿ ಹಸಿರು ಹೋಗಿ ಕೆಂಡದ ಬಣ್ಣ.

ತಾಯಿಗೆ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಇದರ ಸದ್ದು ಯಾವುದು?" ಎಂದು ಕೇಳಿದರು. ನನಗೆ ನೆನಪಿರಲಿಲ್ಲ. ಜಾತ್ರೆಯ ರಾತ್ರಿ ಅವರ ಪಕ್ಕದಲ್ಲಿಯೇ ಮೊಬೈಲ್ ಇಟ್ಟು ಸದ್ದನ್ನೆಲ್ಲ ರೆಕಾರ್ಡ್ ಮಾಡುತ್ತೇನೆ. ಕ್ಯಾಮೆರಾದ ಗಡಿಯಾರವನ್ನು ಈಗಲೇ ಮೊಬೈಲ್ ಸಮಯಕ್ಕೆ ಸರಿಹೊಂದಿಸಿದ್ದೇನೆ.