ಮನೆ ಹುಲ್ಲಿಗೆ ಮೂವತ್ತು ಸಾವಿರದ ಮಷಿನ್ ಬೇಕಾ?

ತೀರ್ಥಹಳ್ಳಿ ಹತ್ತಿರ ನಮ್ಮದು ಐದು ಗುಂಟೆ ಜಾಗ. ಮನೆ ಬಿಟ್ಟರೆ ಉಳಿದದ್ದು ಅಂಗಳ, ಹಿತ್ತಲು. ಮಳೆ ಹಿಡಿದರೆ ಹುಲ್ಲು ಮೊಣಕಾಲಿಗೆ ಬರುತ್ತದೆ. ಬಗ್ಗಿ ಕತ್ತಿ ಹಿಡಿಯಲು ಅಪ್ಪನಿಗೆ ಈಗ ಆಗುವುದಿಲ್ಲ, ಆಳು ಸಿಗುವುದಿಲ್ಲ. ಹುಲ್ಲು ಕತ್ತರಿಸುವ ಮಷಿನ್ ತರೋಣ ಅಂತ. ಆನ್‌ಲೈನಲ್ಲಿ 2,000ಕ್ಕೆ ಬ್ಯಾಟರಿಯದು ಇದೆ, ಅಂಗಡಿಯವರು 30,000ದ್ದು ತೋರಿಸುತ್ತಾರೆ. ಬಳಸಿದವರು ಹೇಳಿ.

ಪುತ್ತೂರಿನಿಂದ:
2,000ದ್ದು ಬೇಡವೇ ಬೇಡ ಮಾರಾಯ್ರೆ. ನಾನು ತಂದಿದ್ದೆ. ಪ್ಲಾಸ್ಟಿಕ್ ಬ್ಲೇಡು, ಗರಿಕೆಗೆ ಪರವಾಗಿಲ್ಲ. ನಾಚಿಕೆಮುಳ್ಳಿಗೆ ಹೋದರೆ ಸುತ್ತಿಕೊಂಡು ನಿಲ್ಲುತ್ತದೆ. ಒಂದು ಕಲ್ಲು ಸಿಕ್ಕಿದರೆ ಬ್ಲೇಡು ಢಮಾರ್. ಈಗ ಮಕ್ಕಳು ಆಡುತ್ತಾರೆ, ಬ್ಲೇಡು ತೆಗೆದು.

ಸಾಗರದಿಂದ:
ನಾನು ಅಗ್ಗದ್ದೂ ದುಬಾರಿಯದೂ ಎರಡೂ ಕೊಂಡವನು, ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ತಂದದ್ದು 7,500ರ ಟೂ ಸ್ಟ್ರೋಕ್ ಪೆಟ್ರೋಲ್ ಮಷಿನ್. ಒಂದು ಮಳೆಗಾಲ ಚೆನ್ನಾಗಿ ಓಡಿತು. ಮರುವರ್ಷ ಹಗ್ಗ ಎಳೆದೂ ಎಳೆದೂ ತೋಳು ಬಿದ್ದುಹೋಯಿತು, ಸ್ಟಾರ್ಟೇ ಇಲ್ಲ. ಅಗ್ಗದ ಮಾಲು ಅಂತ ಬೈದೆ. ಮೆಕ್ಯಾನಿಕ್ ಹುಡುಗ ಕಾರ್ಬುರೇಟರ್ ಬಿಚ್ಚಿ ತೋರಿಸಿದ, ಒಳಗೆಲ್ಲ ಅಂಟು. ದೀಪಾವಳಿಗೆ ಮೂಲೆಗಿಟ್ಟಾಗ ಟ್ಯಾಂಕಿನಲ್ಲಿ ಪೆಟ್ರೋಲ್ ಹಾಗೇ ಬಿಟ್ಟಿದ್ದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಅದು ನೀರಿನ ಪಸೆ ಎಳೆದುಕೊಳ್ಳುತ್ತದೆ. ಈಗ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಆಫ್ ಆಗುವವರೆಗೆ ಓಡಿಸಿಯೇ ಎತ್ತಿಡುತ್ತೇನೆ.

ಎರಡನೇ ತಪ್ಪೂ ನನ್ನದೇ. ಟೂ ಸ್ಟ್ರೋಕಿಗೆ ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ನನ್ನ ಮಷಿನ್ ಪುಸ್ತಕದಲ್ಲಿ ಲೀಟರಿಗೆ 40 ಎಂಎಲ್ ಅಂತಿತ್ತು, ಅಂದರೆ 1:25. ಪಕ್ಕದ ಮನೆಯ ಸ್ಟಿಲ್ ಕಂಪನಿಯ ಮಷಿನ್‌ಗೆ 20 ಎಂಎಲ್, 1:50. ಅವರನ್ನು ನೋಡಿ ನಾನೂ 20 ಹಾಕಿದೆ. ಆಯಿಲ್ ಸಾಲದೆ ಎಂಜಿನ್ನಿನ ಪಿಸ್ಟನ್ ಹಿಡಿದುಕೊಂಡಿತು, ಅಲ್ಲಿಗೆ ಅದರ ಕಥೆ ಮುಗಿಯಿತು.

ಆಮೇಲೆ 29,000 ಕೊಟ್ಟು ಇನ್ನೊಂದು ತಂದೆ. ಕತ್ತರಿಸುವುದರಲ್ಲಿ ಅಂಥ ವ್ಯತ್ಯಾಸವೇನಿಲ್ಲ. ನಡುಕದಲ್ಲಿದೆ. ಹಳೆಯದನ್ನು ಒಂದು ತಾಸು ಹಿಡಿದರೆ ಸಂಜೆ ಕಾಫಿ ಲೋಟ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಒಂದೂವರೆ ಎಕರೆ ತೋಟಕ್ಕೆ ನನಗೆ ಆ ದುಡ್ಡು ಸರಿ. ಐದು ಗುಂಟೆಗೆ, ವರ್ಷಕ್ಕೆ ನಾಲ್ಕು ಸಲಕ್ಕೆ? ಸುಮ್ನೆ ದಂಡ. ಏಳೆಂಟು ಸಾವಿರದ್ದೇ ತನ್ನಿ. ಆದರೆ ಅದರ ಬಿಡಿಭಾಗ ನಿಮ್ಮ ಊರಲ್ಲೇ ಸಿಗುತ್ತದಾ ಅಂತ ಮೊದಲು ಕೇಳಿ. ಆನ್‌ಲೈನ್ ಮಷಿನ್ನನ್ನು ಮುಟ್ಟುವುದೇ ಇಲ್ಲ ಅನ್ನುವ ಮೆಕ್ಯಾನಿಕ್‌ಗಳೂ ಇದ್ದಾರೆ.

ಶಿರಸಿಯಿಂದ:
ಸಾಗರದ ಅಣ್ಣ ಹೇಳಿದ್ದಕ್ಕೆ ನಾನು ಪೂರ್ತಿ ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಮಷಿನ್ ಹಿಡಿಯುವವಳು ನಾನೇ. ನಮ್ಮದು ಹೋಂಡಾ ಜಿಎಕ್ಸ್35 ಎಂಜಿನ್, 35.8 ಸಿಸಿ, ಫೋರ್ ಸ್ಟ್ರೋಕ್. ಆಯಿಲ್ ಬೇರೆಯಾಗಿ 100 ಎಂಎಲ್ ಹಾಕಿದರಾಯಿತು, ಬೆರೆಸುವ ತಲೆನೋವಿಲ್ಲ, ಹೊಗೆ ಕಡಿಮೆ. ರೇಟು ಜಾಸ್ತಿ, ನಿಜ. ನಾವು ಮೂರು ಮನೆಯವರು ಸೇರಿ ತಂದೆವು. ಹಾಗೆ ಯಾರಾದರೂ ಸಿಗುತ್ತಾರಾ ನೋಡಿ.

ಇನ್ನೊಂದು ಮಾತು. ಅಂಗಳಕ್ಕೆ ಕಬ್ಬಿಣದ ಬ್ಲೇಡು ಹಾಕಬೇಡಿ, ಅದರ ಬದಲು ತಿರುಗುವ ನೈಲಾನ್ ದಾರ ಸಾಕು. ಹಿಂದಿನ ರಾತ್ರಿ ನೀರಲ್ಲಿ ನೆನೆಸಿಟ್ಟರೆ ಬೇಗ ತುಂಡಾಗುವುದಿಲ್ಲ. ಆದರೆ ಎಳೆ ಗಿಡದ ಬುಡದಿಂದ ಒಂದು ಗೇಣು ದೂರ ಇರಲಿ. ದಾರ ಏನು ಮಾಡೀತು ಅಂದುಕೊಂಡು ನಾನು ಎರಡು ಮಾವಿನ ಸಸಿಗಳ ಸಿಪ್ಪೆ ಸುತ್ತಲೂ ಸುಲಿದೆ. ಎರಡೂ ಒಣಗಿದವು.

ಮೈಸೂರಿನಿಂದ:
ದಾರವೂ ಕಲ್ಲು ಹಾರಿಸುತ್ತದೆ. ನಮ್ಮ ಕಾರಿನ ಗಾಜು ಹೋಯಿತು. ಕನ್ನಡಕ, ಬೂಟು ಇಲ್ಲದೆ ಹಿಡಿಯಬೇಡಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. ಪಕ್ಕದ ಮನೆಯವರ ಜೊತೆ ಪಾಲಿಗೆ ಅಪ್ಪ ಒಪ್ಪಲಿಲ್ಲ, ಬೇಲಿಯ ಹಳೇ ತಕರಾರು. ಹಾಗಾಗಿ ಏಳೆಂಟು ಸಾವಿರದ್ದೇ. ಭಾನುವಾರ ಅಂಗಡಿಗೆ ಅಪ್ಪನನ್ನೇ ಕರೆದುಕೊಂಡು ಹೋಗಿ ಹೆಗಲಿಗೆ ಹಾಕಿಸಿ ನೋಡುತ್ತೇನೆ. ಭಾರ ಆಯಿತು ಅಂದರೆ ಹಿಡಿಯುವವನು ನಾನೇ, ಇನ್ನೇನು.